ಮಳೆಗಾಲದ ಕೊಡಗಿನಲ್ಲಿ ಆವಿಯಾಗುವಿಕೆಯ ಪಾಠ: ತಯಾರಿ, ಬೋಧನೆ, ಸ್ವಾವಲೋಕನ

ಶಿಕ್ಷಕರಾಗಲು ಓದುವ ಎರಡು ವರ್ಷದ ಬಿ.ಇಡಿ.ಯಲ್ಲಿ ನಾವು ಶಾಲೆಗಳಲ್ಲಿ ಕಳೆಯಬೇಕಾದ ಅವಧಿ ಕನಿಷ್ಠ 20 ವಾರ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಹೇಳುವುದು ಇದನ್ನೇ. ಆ ವಾರಗಳಲ್ಲಿ ಹೆಚ್ಚು ಶ್ರಮ ಹೋಗುವುದು ಪಾಠಯೋಜನೆ ಬರೆಯುವುದಕ್ಕೆ. ಅದರಲ್ಲೂ ‘ಶಿಕ್ಷಕರ ಚಟುವಟಿಕೆ’ ಅಂಕಣವನ್ನು ಪುಟಗಟ್ಟಲೆ ತುಂಬಿಸಿ, ಪಕ್ಕದ ‘ವಿದ್ಯಾರ್ಥಿಗಳ ಚಟುವಟಿಕೆ’ ಅಂಕಣದಲ್ಲಿ ‘ಗಮನವಿಟ್ಟು ಆಲಿಸುವರು’, ‘ಉತ್ತರಿಸುವರು’ ಎಂದು ಮುಗಿಸಿಬಿಡುತ್ತೇವೆ. ಪಾಠ ಗೆಲ್ಲುವುದೂ ಸೋಲುವುದೂ ಈ ಎರಡನೆಯ ಅಂಕಣದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಕ್ಕಳು ಏನು ಉತ್ತರಿಸಬಹುದು ಎಂದು ಮೊದಲೇ ಊಹಿಸಿ ಬರೆದವರಿಗೆ ತಯಾರಿ, ಬೋಧನೆ, ಸ್ವಾವಲೋಕನ ಮೂರೂ ಒಂದೇ ಕೆಲಸವಾಗುತ್ತವೆ.

ಪಾಠಯೋಜನೆಯ ನಮೂನೆಗಳ ಬಗ್ಗೆ ಬಿ.ಇಡಿ. ಪರೀಕ್ಷೆಗೆ ಬೇಕಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟ್ (1776–1841) ಅವರ ವಿಚಾರಗಳನ್ನು ಶಿಷ್ಯಪರಂಪರೆಯ ಜಿಲ್ಲರ್ ಮತ್ತು ರೈನ್ ಬೆಳೆಸಿದ್ದರಿಂದ ಸಿದ್ಧತೆ, ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಐದು ಸೋಪಾನಗಳು ರೂಪುಗೊಂಡವು. ಈಗ ಹೆಚ್ಚು ಬಳಕೆಯಲ್ಲಿರುವ 5ಇ ಮಾದರಿ 1980ರ ದಶಕದಲ್ಲಿ ಅಮೆರಿಕದಲ್ಲಿ ವಿಜ್ಞಾನ ಬೋಧನೆಗಾಗಿ ಹುಟ್ಟಿತು: ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಇಲ್ಲಿ ಗಮನಿಸಬೇಕಾದದ್ದು ಕ್ರಮ. ವಿವರಣೆ ಬರುವುದು ಪರಿಶೋಧನೆಯ ನಂತರ. ಮಗು ಮೊದಲು ನೋಡಬೇಕು, ಮುಟ್ಟಬೇಕು, ತನ್ನ ಮಾತಿನಲ್ಲಿ ಹೇಳಬೇಕು. ಶಿಕ್ಷಕರ ಮಾತು ಆಮೇಲೆ.

ಇನ್ನು ಪಾಠಕ್ಕೆ ಬರೋಣ. ಆವಿಯಾಗುವಿಕೆಯನ್ನು ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಕಲಿಸಬೇಕಾಗಿದೆ ಎಂದುಕೊಳ್ಳಿ. ಮೇಲ್ಮೈ ವಿಸ್ತೀರ್ಣ, ತಾಪ, ಗಾಳಿಯ ವೇಗ ಹೆಚ್ಚಿದಷ್ಟೂ ದ್ರವ ಬೇಗ ಆವಿಯಾಗುತ್ತದೆ; ಗಾಳಿಯಲ್ಲಿ ತೇವಾಂಶ ಹೆಚ್ಚಿದರೆ ನಿಧಾನವಾಗುತ್ತದೆ. ಇದಕ್ಕೆ ಎಲ್ಲರೂ ಆರಿಸಿಕೊಳ್ಳುವ ಪ್ರಯೋಗ ಒದ್ದೆ ಬಟ್ಟೆಯದು: ಒಂದನ್ನು ಮಡಚಿ ಇಡುವುದು, ಇನ್ನೊಂದನ್ನು ಹರಡುವುದು. ಆದರೆ ನಮ್ಮ ಜುಲೈನಲ್ಲಿ ಹರಡಿದ ಬಟ್ಟೆಯೂ 40 ನಿಮಿಷದ ಅವಧಿಯಲ್ಲಿ ಒಣಗುವುದಿಲ್ಲ. ಮೂರು ದಿನ ಕಳೆದರೂ ಒದ್ದೆಯಾಗಿಯೇ ಇರುವ ಸಮವಸ್ತ್ರವನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿಕೊಂಡು ಬಂದ ಮಕ್ಕಳ ಮುಂದೆ ಆ ಪ್ರಯೋಗ ಸೋಲುತ್ತದೆ. ಆದ್ದರಿಂದ ಪ್ರಯೋಗವನ್ನು ಅದೇ ಕೋಣೆಯಲ್ಲಿ, ಅದೇ ಹವೆಯಲ್ಲಿ ಹಿಂದಿನ ದಿನವೇ ಮಾಡಿ ನೋಡಬೇಕು. ಒದ್ದೆ ಬಟ್ಟೆಯಿಂದ ಕಪ್ಪು ಹಲಗೆಯ ಮೇಲೆ ಎರಡು ಸಮನಾದ ಪಟ್ಟೆಗಳನ್ನು ಒರೆಸಿ, ಒಂದಕ್ಕೆ ಮಾತ್ರ ಪುಸ್ತಕದಿಂದ ಗಾಳಿ ಬೀಸಿದರೆ ಕೆಲವೇ ನಿಮಿಷಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಅಂಗೈಗೆ ಒಂದು ಹನಿ ಸ್ಯಾನಿಟೈಸರ್ ಹಾಕಿದರೆ ಆವಿಯಾಗುವಾಗ ತಂಪಾಗುವುದೂ ಅನುಭವಕ್ಕೆ ಬರುತ್ತದೆ.

ಈಗ ನಿರೀಕ್ಷಿತ ಉತ್ತರಗಳು. ‘ಬಟ್ಟೆಯ ನೀರು ಎಲ್ಲಿಗೆ ಹೋಯಿತು?’ ಎಂದರೆ ‘ಬಟ್ಟೆ ಕುಡಿದುಬಿಟ್ಟಿತು’, ‘ಸೂರ್ಯ ಎಳೆದುಕೊಂಡ’, ‘ಇಲ್ಲದೇ ಹೋಯಿತು’ ಎಂಬ ಮೂರು ಉತ್ತರಗಳನ್ನಾದರೂ ಬರೆದಿಟ್ಟುಕೊಳ್ಳಿ. ಪ್ರತಿಯೊಂದರ ಎದುರು ನಿಮ್ಮ ಮರುಪ್ರಶ್ನೆ ಇರಲಿ. ‘ಸೂರ್ಯ ಎಳೆದುಕೊಂಡ’ ಎಂದವರಿಗೆ ‘ಹಾಗಾದರೆ ಒಲೆಯ ಮೇಲಿನ ಅಂಗಿ ರಾತ್ರಿ ಹೇಗೆ ಒಣಗಿತು?’ ಎಂದು ಕೇಳಬಹುದು. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣನ್ನು ಕಣದಲ್ಲಿ ತೆಳುವಾಗಿ ಹರಡಿ ಆಗಾಗ ಕೈಯಾಡಿಸುವುದು ಏಕೆ ಎಂಬುದು ವಿಸ್ತರಣೆಯ ಹಂತಕ್ಕೆ ಹೇಳಿ ಮಾಡಿಸಿದ ಪ್ರಶ್ನೆ. ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ಮಕ್ಕಳಿಗೆ ಇದರ ಉತ್ತರ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ವಿಷಯಜ್ಞಾನದ ತಯಾರಿಗೂ ಸ್ಥಳದ ಅರಿವು ಬೇಕು. ಕುದಿಯುವಿಕೆಗೂ ಆವಿಯಾಗುವಿಕೆಗೂ ಇರುವ ವ್ಯತ್ಯಾಸ ಹೇಳುವಾಗ ‘ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ’ ಎನ್ನುತ್ತೇವೆ. ಅದು ಸಮುದ್ರಮಟ್ಟದ ಮಾತು. ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಮಡಿಕೇರಿಯಲ್ಲಿ ವಾಯುಭಾರ ಕಡಿಮೆ, ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ತಾಪಮಾಪಕ ಹಿಡಿದ ಮಗು ‘ಇದು ನೂರಕ್ಕೆ ಹೋಗುತ್ತಿಲ್ಲ’ ಎಂದಾಗ ಉಪಕರಣ ಸರಿಯಿಲ್ಲ ಎಂದು ಹೇಳಿಬಿಟ್ಟರೆ, ಸರಿಯಾಗಿ ನೋಡಿದ ಮಗುವಿಗೆ ಅನ್ಯಾಯ ಮಾಡಿದಂತೆ.

ಬೋಧನೆಯ ಹಂತದಲ್ಲಿ ನಾನು ಒತ್ತಿ ಹೇಳುವುದು ಮೌನದ ಬಗ್ಗೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡಿದರು. ಕೊಡಗಿನ ತರಗತಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಅವರು ಯೋಚಿಸಿದ್ದನ್ನು ಕನ್ನಡಕ್ಕೆ ತಂದು ಹೇಳಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಗುಂಪಿನಲ್ಲಿ ಮೊದಲು ಮನೆಮಾತಿನಲ್ಲೇ ಚರ್ಚಿಸಲಿ. ‘ಆವಿಯಾಗುವಿಕೆ’ ಎಂಬ ಪದವನ್ನು ಹಲಗೆಯ ಮೇಲೆ ಬರೆಯುವುದು ಪಟ್ಟೆ ಒಣಗಿದ್ದನ್ನು ಎಲ್ಲರೂ ಕಂಡ ನಂತರ.

ಪರೀಕ್ಷೆಯಲ್ಲಿ ಸ್ವಾವಲೋಕನದ ಪ್ರಶ್ನೆ ಬಂದರೆ ಅಮೆರಿಕದ ಚಿಂತಕ ಡೊನಾಲ್ಡ್ ಶ್ಯೋನ್ 1983ರಲ್ಲಿ ಮಾಡಿದ ವಿಂಗಡಣೆಯನ್ನು ಬರೆಯಿರಿ: ಕೆಲಸ ನಡೆಯುತ್ತಿರುವಾಗಲೇ ಮಾಡುವ ಚಿಂತನೆ, ಕೆಲಸ ಮುಗಿದ ಮೇಲೆ ಅದರ ಬಗ್ಗೆ ಮಾಡುವ ಚಿಂತನೆ. ಪಟ್ಟೆ ಒಣಗುತ್ತಿಲ್ಲವೆಂದು ಕಂಡ ಕೂಡಲೇ ಇನ್ನೂ ತೆಳುವಾಗಿ ಒರೆಸುವುದು ಮೊದಲನೆಯದು. ಎರಡನೆಯದಕ್ಕೆ ಅದೇ ಸಂಜೆ ಬರೆದ ನಾಲ್ಕು ಸಾಲು ಸಾಕು. ಆದರೆ ‘ಪಾಠ ಪರಿಣಾಮಕಾರಿಯಾಗಿತ್ತು, ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಿದರು’ ಎಂಬ ಸಾಲಿನಿಂದ ಮುಂದಿನ ಪಾಠಕ್ಕೆ ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಗಾಳಿ ಬೀಸಿದ ಪಟ್ಟೆ ಮೊದಲು ಒಣಗುತ್ತದೆ ಎಂದು ಹೆಚ್ಚಿನವರು ಊಹಿಸಿದರು, ಕಾರಣ ಹೇಳಲಿಲ್ಲ. ಹಿಂದಿನ ಸಾಲಿನಿಂದ “ಗಾಳಿಯೇ ಒದ್ದೆಯಾಗಿದ್ದರೆ?” ಎಂಬ ಪ್ರಶ್ನೆ ಬಂತು; ಸಮಯವಿಲ್ಲದೆ ಮುಂದೆ ಹೋದೆವು. ತೇವಾಂಶದ ಭಾಗವನ್ನು ನಾಳೆ ಈ ಪ್ರಶ್ನೆಯಿಂದಲೇ ಆರಂಭಿಸಬೇಕು.’ ಮಗುವಿನ ಮಾತನ್ನು ಇದ್ದಂತೆಯೇ ದಾಖಲಿಸಿದ್ದರಿಂದ ಮರುದಿನದ ಪಾಠದ ಮೊದಲ ಹಂತ ಇಲ್ಲಿಯೇ ಸಿದ್ಧವಾಯಿತು.

ಕೊನೆಯದಾಗಿ ಘಟಕ ಯೋಜನೆಯ, ಅಂದರೆ ಒಂದು ಘಟಕದ ಪಾಠಗಳನ್ನು ಅವಧಿಗಳಿಗೆ ಹಂಚುವ ಯೋಜನೆಯ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವ ದಿನ ಬರುತ್ತದೋ ಹೇಳಲಾಗದು. ಭಾಗಮಂಡಲದ ಕಡೆ ರಸ್ತೆಗೆ ನೀರು ಬಂದರೆ ಶಾಲೆ ತೆರೆದಿದ್ದರೂ ಕೆಲವು ಮಕ್ಕಳು ಬರಲಾರರು. ಆದ್ದರಿಂದ ಈ ತಿಂಗಳುಗಳ ಘಟಕಗಳಲ್ಲಿ ಒಂದೆರಡು ಅವಧಿಗಳನ್ನು ಖಾಲಿ ಬಿಡಿ. ರಜೆ ಬಾರದಿದ್ದರೆ ಅವು ಮಕ್ಕಳ ಉಳಿದ ಪ್ರಶ್ನೆಗಳಿಗೆ ಸಲ್ಲುತ್ತವೆ.