ತಗಡನ್ನು ಹಾಳೆಯಾಗಿ ಬರೆಯುವಾಗ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 2 ಮಿ.ಮೀ. ದಪ್ಪದ ಉಕ್ಕಿನ ತಗಡು ಅಂದುಕೊಳ್ಳಿ. ಅದನ್ನು ದಪ್ಪದ ಸಮೇತ ಸಾಲಿಡ್ (ಘನವಸ್ತು) ಆಗಿಯೇ, ಅದು ಎಷ್ಟು ಬಾಗುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಿಮ್ಯುಲೇಶನ್‌ಗೆ ತಂದರೆ ಏನಾಗುತ್ತದೆ? ತಗಡು ಬಾಗುವುದನ್ನು ಎಂಟು ನೋಡ್‌ಗಳ ಸಾಧಾರಣ ಎಲಿಮೆಂಟ್ (ಲೆಕ್ಕಕ್ಕಾಗಿ ಆಕಾರವನ್ನು ಒಡೆದ ಸಣ್ಣ ತುಂಡು; ನೋಡ್ ಎಂದರೆ ಅದರ ಮೂಲೆಯ ಬಿಂದು) ಸರಿಯಾಗಿ ಹಿಡಿಯಬೇಕಾದರೆ ದಪ್ಪದಲ್ಲಿ ಮೂರು-ನಾಲ್ಕು ಪದರ ಬೇಕು. ನಾಲ್ಕು ಪದರ ಎಂದರೆ ಒಂದೊಂದೂ ಅರ್ಧ ಮಿ.ಮೀ. ಎಲಿಮೆಂಟ್ ಎಲ್ಲ ಕಡೆಗೂ ಅಷ್ಟೇ ಇರಲಿ ಎಂದರೆ 1.6 ಕೋಟಿ ಎಲಿಮೆಂಟ್ ಆಗುತ್ತದೆ. ಪಕ್ಕಕ್ಕೆ ಎಳೆದು 5 ಮಿ.ಮೀ. ಮಾಡಿದರೂ 1.6 ಲಕ್ಷ. ಅದೇ ತಗಡನ್ನು ದಪ್ಪವಿಲ್ಲದ ಹಾಳೆಯಾಗಿ ಬರೆದು 10 ಮಿ.ಮೀ. ಶೆಲ್ ಎಲಿಮೆಂಟ್ (ಹಾಳೆಗೆಂದೇ ಇರುವ ಎಲಿಮೆಂಟ್) ಹಾಕಿದರೆ 10,000 ಸಾಕು.

ಹೊಸಬರಿಗೆ ಇದು ಕಳ್ಳದಾರಿ ಅನ್ನಿಸುತ್ತದೆ. ನಿಜವಾದ ಆಕಾರ ಇರುವಾಗ ಹಾಳೆ ಯಾಕೆ, ಅಲ್ವಾ? ನನ್ನ ಅಭಿಪ್ರಾಯ ಉಲ್ಟಾ. ತೆಳು ತಗಡಿಗೆ ಹಾಳೆಯೇ ಸರಿಯಾದ ಮಾದರಿ. ಮೆಶ್ (ಎಲಿಮೆಂಟ್‌ಗಳ ಜಾಲ) ಉಳಿಸಲು ದಪ್ಪದಲ್ಲಿ ಒಂದೇ ಪದರದ ಸಾಲಿಡ್ ಹಾಕುವುದೇ ಅಪಾಯ. ಅಂಥ ಎಲಿಮೆಂಟ್‌ಗೆ ಬಾಗಲು ಬರುವುದಿಲ್ಲ, ತಗಡು ಇರುವುದಕ್ಕಿಂತ ಜಾಸ್ತಿ ಗಟ್ಟಿಯಾಗಿ ಕಾಣುತ್ತದೆ. ಶಿಯರ್ ಲಾಕಿಂಗ್ ಅನ್ನುವುದು ಇದನ್ನೇ. ದಪ್ಪವು ಹರವಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ನಾನು ಮೊದಲು ಶೆಲ್ ಬಗ್ಗೆಯೇ ಯೋಚಿಸುತ್ತೇನೆ.

ಆದರೆ ಹಾಳೆಗೆ ತಾನಾಗಿ ಏನೂ ಗೊತ್ತಿಲ್ಲ. ಸಾಲಿಡ್‌ನಲ್ಲಿ ಆಕಾರವೇ ಹೇಳುತ್ತಿದ್ದ ಸಂಗತಿಗಳನ್ನೆಲ್ಲ ಇಲ್ಲಿ ನೀವು ಹೇಳಬೇಕು. ಹೇಳದಿದ್ದರೆ ಸಾಫ್ಟ್‌ವೇರ್ ಕೇಳುವುದೂ ಇಲ್ಲ, ಸುಮ್ನೆ ಏನೋ ಒಂದು ಅಂದುಕೊಂಡು ಮುಂದೆ ಹೋಗುತ್ತದೆ.

ಮೊದಲನೆಯದು ದಪ್ಪ. ಈಗ ಅದು ಬರೀ ಒಂದು ಸಂಖ್ಯೆ. ಬಾಗುವಿಕೆಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 2 ಮಿ.ಮೀ. ಬದಲು 1.8 ಎಂದು ಬರೆದರೆ ಬಿಗುವು ಶೇ. 27ರಷ್ಟು ಕುಸಿಯುತ್ತದೆ, ಪರದೆ ಮೇಲಿನ ಚಿತ್ರ ಮಾತ್ರ ಕೂದಲಷ್ಟೂ ಬದಲಾಗುವುದಿಲ್ಲ. ಆದ್ದರಿಂದ ದಪ್ಪ ತೋರಿಸುವ ಆಯ್ಕೆಯನ್ನು ಆನ್ ಮಾಡಿ ಒಮ್ಮೆ ನೋಡಿ. ಮೀಟರ್‌ನಲ್ಲಿರುವ ಮಾಡೆಲ್‌ಗೆ ಯಾರಾದರೂ 2 ಎಂದು ಹಾಕಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಆಮೇಲೆ, ಹಾಳೆ ಇರುವುದು ಎಲ್ಲಿ? ಏನೂ ಹೇಳದಿದ್ದರೆ ಹೆಚ್ಚಿನ ಸಾಫ್ಟ್‌ವೇರ್‌ಗಳು ಅದನ್ನು ದಪ್ಪದ ನಟ್ಟನಡುವಿನ ಮೇಲ್ಮೈ ಎಂದುಕೊಳ್ಳುತ್ತವೆ. ನೀವು ತಗಡಿನ ಹೊರಮೈಯನ್ನು ನಕಲು ಮಾಡಿದ್ದರೆ ಆಫ್‌ಸೆಟ್ (ನಡುಮೈ ಹಾಳೆಯಿಂದ ಎಷ್ಟು ಸರಿದಿದೆ ಎಂಬ ಅಳತೆ) ಕೊಡಬೇಕು. ನಡುಮೈಯನ್ನೇ ತೆಗೆದರೆ ಇನ್ನೊಂದು ತೊಂದರೆ ಇದೆ. ಟೀ ಆಕಾರದಲ್ಲಿ ಕೂಡುವ ಎರಡು ತಗಡುಗಳ ನಡುವೆ ಅರ್ಧ ದಪ್ಪದ ಸಂದು ಉಳಿಯುತ್ತದೆ. ನಿಂತ ತಗಡಿನ ಅಂಚನ್ನು ಅಷ್ಟು ಬೆಳೆಸಿ ಸೇರಿಸಬೇಕು. ಇಲ್ಲದಿದ್ದರೆ ಪಕ್ಕಪಕ್ಕದಲ್ಲಿದ್ದರೂ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು.

ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಹಾಳೆಯು ಸಾಲಿಡ್‌ಗೆ ಸೇರುವ ಜಾಗದಲ್ಲಿ. ದಪ್ಪ ಬ್ಲಾಕ್ ಮೇಲೆ ತಗಡೊಂದು ನೆಟ್ಟಗೆ ನಿಂತಿದೆ, ಎರಡಕ್ಕೂ ನೋಡ್‌ಗಳು ಒಂದೇ. ನೋಡಲು ಚೆನ್ನಾಗಿ ಅಂಟಿಕೊಂಡ ಹಾಗೇ ಇರುತ್ತದೆ. ಆದರೆ ಸಾಲಿಡ್‌ನ ನೋಡ್‌ಗೆ ಮೂರು ಕಡೆಗೆ ಸರಿಯುವುದು ಮಾತ್ರ ಗೊತ್ತು. ಶೆಲ್‌ನ ನೋಡ್‌ಗೆ ಸರಿಯುವುದರ ಜೊತೆಗೆ ತಿರುಗುವುದೂ ಗೊತ್ತು, ಒಟ್ಟು ಆರು ಚಲನೆ. ಶೆಲ್ ತಿರುಗಲು ಹೊರಟರೆ ಅದನ್ನು ತಡೆಯುವವರು ಆ ಕಡೆ ಯಾರೂ ಇಲ್ಲ. ವೆಲ್ಡ್ ಮಾಡಿದ ಜೋಡಣೆ ಲೆಕ್ಕದಲ್ಲಿ ಬಾಗಿಲ ಹಿಂಜ್ ಆಗಿಬಿಡುತ್ತದೆ! ಅದೃಷ್ಟ ಇದ್ದರೆ ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಎರರ್ ಕೊಟ್ಟು ನಿಲ್ಲುತ್ತದೆ. ಪಕ್ಕದಲ್ಲಿ ಗಸೆಟ್ (ಮೂಲೆಗೆ ಬಲ ಕೊಡುವ ತಗಡಿನ ತುಂಡು) ಒಂದು ಇದ್ದು ತಗಡನ್ನು ಹಿಡಿದುಕೊಂಡರೆ ಎರರ್ ಕೂಡ ಬರುವುದಿಲ್ಲ. ಬುಡದಲ್ಲಿ ಇರಬೇಕಾದ ಭಾರವೆಲ್ಲ ಗಸೆಟ್ ಮೇಲೆ ಬಿದ್ದಿರುತ್ತದೆ. ವರದಿಯಲ್ಲಿ ತಪ್ಪು ಜಾಗ ಕೆಂಪಾಗಿ ಹೊಳೆಯುತ್ತಿರುತ್ತದೆ.

ಇದಕ್ಕೆ ಪರಿಹಾರ ಇದೆ. ಹಾಳೆಯನ್ನು ಸಾಲಿಡ್‌ನ ಒಳಗೆ ಒಂದೆರಡು ಎಲಿಮೆಂಟ್‌ನಷ್ಟು ಇಳಿಸಿ ನೋಡ್‌ಗಳನ್ನು ಸೇರಿಸಬಹುದು. ಅಥವಾ ತಿರುಗುವಿಕೆಯನ್ನೂ ದಾಟಿಸುವ ಕಟ್ಟು ಹಾಕಬಹುದು. ಅಬಾಕಸ್ ಸಾಫ್ಟ್‌ವೇರ್‌ನಲ್ಲಿ ಶೆಲ್-ಟು-ಸಾಲಿಡ್ ಕಪ್ಲಿಂಗ್ ಇರುವುದು ಇದಕ್ಕೇ. ನನಗೆ ಎರಡನೆಯದೇ ಇಷ್ಟ. ಮೊದಲನೆಯದು ಆ ಜಾಗವನ್ನು ಸ್ವಲ್ಪ ಜಾಸ್ತಿ ಗಟ್ಟಿ ಮಾಡುತ್ತದೆ.

ಹಾಳೆಗೆ ಮೇಲು-ಕೆಳಗು ಕೂಡ ಇದೆ. ಪಕ್ಕದ ಎರಡು ಹಾಳೆಗಳ ನಾರ್ಮಲ್ (ಹಾಳೆಗೆ ಲಂಬವಾಗಿ ಅದರ ಮೇಲ್ಮೈಯ ಕಡೆ ತೋರಿಸುವ ಬಾಣ) ಬೇರೆ ಬೇರೆ ಕಡೆ ತಿರುಗಿದ್ದರೆ ಒಂದರ ಮೇಲ್ಮೈ ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಇನ್ನೊಂದರ ಕೆಳಮೈ ಸ್ಟ್ರೆಸ್ ಪಕ್ಕ ಕೂರುತ್ತದೆ. ಬಣ್ಣದ ಚಿತ್ರ ತೇಪೆ ಹಾಕಿದ ಹಾಗೆ ಕಂಡರೆ ಮೊದಲು ನಾರ್ಮಲ್ ನೋಡಿ. ಪ್ರೆಶರ್ ಕೂಡ ತಪ್ಪು ಕಡೆಗೆ ತಳ್ಳುತ್ತಿರಬಹುದು.

ಆಂಟೆನಾ, ಸರ್ಕ್ಯೂಟ್ ಬೋರ್ಡ್ ಮಾಡುವವರಿಗೂ ಇದೇ ಗೋಳು, ರೂಪ ಬೇರೆ. ಬೋರ್ಡ್‌ನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. 1 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ ಸುಮಾರು 2 ಮೈಕ್ರಾನ್‌ನಲ್ಲೇ ಹರಿಯುತ್ತದೆ. ಒಳಗಿನದು ಇದ್ದೂ ಇಲ್ಲದಂತೆ, ಹಾಗಾಗಿ ಹಾಳೆ ಸಾಕು. 1 ಮೆಗಾಹರ್ಟ್ಸ್‌ನಲ್ಲಿ ಆ ಆಳ 66 ಮೈಕ್ರಾನ್, ತಾಮ್ರದ ದಪ್ಪಕ್ಕಿಂತಲೂ ಜಾಸ್ತಿ. ಅಲ್ಲಿ ದಪ್ಪ ಹೇಳದ ಹಾಳೆ ನಷ್ಟದ ಲೆಕ್ಕವನ್ನು ಕೆಡಿಸುತ್ತದೆ. ಇನ್ನು ಆಂಟೆನಾ ಲೆಕ್ಕದ ಸಾಫ್ಟ್‌ವೇರ್ ಎಚ್‌ಎಫ್‌ಎಸ್‌ಎಸ್‌ನಲ್ಲಿ ಹಾಳೆ ಬರೆದು ಬೌಂಡರಿ (ಅಲೆಗೆ ಹಾಳೆ ಹೇಗೆ ವರ್ತಿಸಬೇಕು ಎಂಬ ಸೂಚನೆ) ಕೊಡಲು ಮರೆತರೆ ಅದು ಲೋಹವೇ ಅಲ್ಲ. ಅಲೆ ಅದರ ಮೂಲಕ ಆರಾಮಾಗಿ ದಾಟುತ್ತದೆ.

ಹಾಳೆ ಬೇಡವೇ ಬೇಡ ಅನ್ನುವ ಜಾಗಗಳೂ ಇವೆ. ವೆಲ್ಡ್‌ನ ಬುಡದ ಸ್ಥಳೀಯ ಸ್ಟ್ರೆಸ್, ಫಿಲೆಟ್ (ದುಂಡಾಗಿಸಿದ ಮೂಲೆ), ದಪ್ಪದ ದಿಕ್ಕಿನಲ್ಲಿ ಹಿಂಡುವ ಬೋಲ್ಟ್ ಇವುಗಳನ್ನು ಶೆಲ್ ಹೇಳಲಾರದು. ಅಷ್ಟು ಭಾಗವನ್ನು ಮಾತ್ರ ಸಾಲಿಡ್ ಮಾಡಿ.

ಜೋಡಣೆಗಳನ್ನು ಪರೀಕ್ಷಿಸಲು ಒಂದು ಅಗ್ಗದ ದಾರಿ ಇದೆ. ಹಿಡಿತಗಳನ್ನೆಲ್ಲ ತೆಗೆದು ಮೋಡಲ್ ಅನಾಲಿಸಿಸ್ (ವಸ್ತು ತಾನಾಗಿ ಯಾವ್ಯಾವ ರೀತಿ, ಅಂದರೆ ಮೋಡ್‌ಗಳಲ್ಲಿ, ಅದುರುತ್ತದೆ ಎಂಬ ಲೆಕ್ಕ) ಓಡಿಸಿ. ಗಾಳಿಯಲ್ಲಿ ತೇಲುವ ಒಂದೇ ವಸ್ತುವಿಗೆ ಸೊನ್ನೆ ಫ್ರೀಕ್ವೆನ್ಸಿಯ ಮೋಡ್‌ಗಳು, ಅಂದರೆ ಅದುರದೆ ಇಡಿಯಾಗಿ ಸರಿಯುವ ಅಥವಾ ತಿರುಗುವ ರೀತಿಗಳು, ಆರು. ಏಳು ಬಂದರೆ ಎಲ್ಲೋ ಹಿಂಜ್ ಇದೆ. ಹನ್ನೆರಡು ಬಂದರೆ ಒಂದು ಭಾಗ ಪೂರ್ತಿ ಕಳಚಿದೆ. ಗಸೆಟ್ ಇರುವ ಕಡೆ ಹಿಂಜ್ ಈ ಪರೀಕ್ಷೆಗೂ ಸಿಗದೆ ಹೋಗಬಹುದು. ಆಗ ಆ ಜೋಡಣೆಯಷ್ಟನ್ನೇ ಬೇರೆ ಫೈಲ್‌ನಲ್ಲಿ ಮಾಡಿ. ಒಂದು ಬ್ಲಾಕ್, ಅದರ ಮೇಲೆ ಒಂದು ಕಿರಿದಾದ ಪಟ್ಟಿ, ತುದಿಗೆ ಸಣ್ಣ ಬಲ. ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದ ಪಟ್ಟಿ) ಸೂತ್ರದ ಉತ್ತರದ ಹತ್ತಿರ ಬಂದರೆ ಸರಿ. ಹಿಂಜ್ ಇದ್ದರೆ ಲೆಕ್ಕವೇ ನಿಲ್ಲುತ್ತದೆ, ಇಲ್ಲವೇ ಪಟ್ಟಿಯ ತುದಿ ಮೀಟರ್‌ಗಟ್ಟಲೆ ಹಾರಿಹೋಗಿರುತ್ತದೆ.