ಮತದ ಹಕ್ಕು: ಕೊಟ್ಟು ಕಿತ್ತುಕೊಂಡ ಕತೆ

ಪ್ರಶ್ನೆ: ಅಮೆರಿಕದಲ್ಲಿ ಮೊದಲು ಆಸ್ತಿವಂತರಿಗೆ, ಆಮೇಲೆ ಎಲ್ಲ ಗಂಡಸರಿಗೆ, ಕೊನೆಗೆ 1920ರಲ್ಲಿ ಹೆಂಗಸರಿಗೆ ವೋಟಿನ ಹಕ್ಕು ಸಿಕ್ಕಿತು ಅಂತ ಓದಿದ್ದೇನೆ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂತಾ?

ಹತ್ತಿದ್ದು ನಿಜ. ಆದರೆ ಹತ್ತಿದ್ದವರನ್ನೇ ಕೆಳಗಿಳಿಸಿದ್ದೂ ಉಂಟು.

ನ್ಯೂಜೆರ್ಸಿ ರಾಜ್ಯವನ್ನೇ ನೋಡಿ. ಅಲ್ಲಿನ 1776ರ ಸಂವಿಧಾನದ ಪ್ರಕಾರ ವಯಸ್ಸಿಗೆ ಬಂದು, 50 ಪೌಂಡ್ ಆಸ್ತಿಯಿದ್ದು, ಒಂದು ವರ್ಷ ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ವಾಸವಿದ್ದ 'ಎಲ್ಲ ನಿವಾಸಿಗಳಿಗೂ' ವೋಟು. ಗಂಡಸೇ ಆಗಿರಬೇಕು, ಬಿಳಿಯನೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ವಿಧವೆಯರು, ಮದುವೆಯಾಗದ ಹೆಂಗಸರು, ಗುಲಾಮರಲ್ಲದ ಕಪ್ಪು ಜನ ವೋಟು ಹಾಕಿದರು. ಮದುವೆಯಾದವರಿಗೆ ಮಾತ್ರ ದಾರಿಯಿರಲಿಲ್ಲ. ಹೆಂಡತಿಯ ಸೊತ್ತು ಕಾನೂನಿನಲ್ಲಿ ಗಂಡನದು, 50 ಪೌಂಡ್ ತೋರಿಸೋದು ಎಲ್ಲಿಂದ? ಇದೇನೋ ಕಣ್ತಪ್ಪಿನಿಂದ ಆಯಿತು ಅನ್ನೋಣವೆಂದರೆ, 1790ರ ಚುನಾವಣಾ ಕಾಯ್ದೆಯಲ್ಲಿ 'ಅವನು ಅಥವಾ ಅವಳು' ಎಂದೇ ಬರೆದಿದ್ದರು.

ಆಮೇಲೆ 1807 ಬಂತು. ಎಸೆಕ್ಸ್ ಕೌಂಟಿಯ ಹೊಸ ಕೋರ್ಟ್ ಕಟ್ಟಡ ನ್ಯೂಆರ್ಕ್‌ನಲ್ಲಿರಬೇಕೋ, ಎಲಿಜಬೆತ್‌ಟೌನ್ ಕಡೆಗೋ ಅಂತ ಮತದಾನ. ಊರೂರಿನ ಜಿದ್ದು ಗೊತ್ತಲ್ವಾ, ಕಳ್ಳವೋಟು ಸುರಿಯಿತು. ಗಂಡಸರು ಹೆಂಗಸರ ಬಟ್ಟೆ ಹಾಕಿಕೊಂಡು ಬಂದು ಮತ್ತೊಮ್ಮೆ ವೋಟು ಹಾಕಿದರು ಎಂಬ ದೂರೂ ಬಂತು. ಅದೇ ವರ್ಷ ಶಾಸನಸಭೆ ತೆರಿಗೆ ಕಟ್ಟುವ ಬಿಳಿ ಗಂಡಸರಿಗಷ್ಟೇ ವೋಟು ಎಂದು ಕಾಯ್ದೆ ಮಾಡಿತು. ದೂರು ಗಂಡಸರ ಮೇಲೆ, ಹಕ್ಕು ಹೋಗಿದ್ದು ಹೆಂಗಸರದ್ದು.

ಇನ್ನು ಗಂಡಸರ ಕತೆ. ವರ್ಜೀನಿಯಾದಲ್ಲಿ ವೋಟಿಗೆ ಜಮೀನು ಬೇಕಿತ್ತು. ಯುದ್ಧಕ್ಕೆ ಕರೆಯುವಾಗ ನಮ್ಮನ್ನು ಮರೆಯೋದಿಲ್ಲ, ವೋಟಿನ ಹೊತ್ತಿಗೆ ಮಾತ್ರ ಹೊರಗೆ ನಿಲ್ಲಿಸುತ್ತೀರಲ್ಲ ಎಂದು ರಿಚ್ಮಂಡ್‌ನ ಜಮೀನಿಲ್ಲದವರು 1829ರಲ್ಲಿ ಮನವಿ ಕೊಟ್ಟರು. ಈ ಮಾತಿಗೆ ಉತ್ತರ ಹೇಳೋದು ಕಷ್ಟ. ಆದರೂ ಅಲ್ಲಿ ಆ ನಿಯಮ ಹೋಗಲು ಇನ್ನೂ 20 ವರ್ಷದ ಮೇಲೆ ಹಿಡಿಯಿತು. ಬೇರೆ ರಾಜ್ಯಗಳು ಅಷ್ಟು ಕಾಯಲಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ 1824ರಲ್ಲಿ ಸುಮಾರು ಮೂರೂವರೆ ಲಕ್ಷ ವೋಟು ಬಿದ್ದಿದ್ದರೆ, 1828ರಲ್ಲಿ 11 ಲಕ್ಷ ದಾಟಿತು.

ಈ ಬಾಗಿಲು ತೆರೆದಿದ್ದು ಬಿಳಿಯರಿಗೆ. ನ್ಯೂಯಾರ್ಕ್ 1821ರಲ್ಲಿ ಬಿಳಿಯರಿಗಿದ್ದ ಆಸ್ತಿಯ ಷರತ್ತು ಸಡಿಲಿಸಿತು, ಕಪ್ಪು ಗಂಡಸರಿಗೆ ಮಾತ್ರ 250 ಡಾಲರ್ ಆಸ್ತಿ ಕಡ್ಡಾಯ ಮಾಡಿತು. ಪೆನ್ಸಿಲ್ವೇನಿಯಾ 1838ರಲ್ಲಿ ಸಂವಿಧಾನಕ್ಕೆ 'ಬಿಳಿಯ' ಎಂಬ ಒಂದೇ ಪದ ಸೇರಿಸಿ ಅವರನ್ನು ಪೂರ್ತಿ ಹೊರಗಿಟ್ಟಿತು. ಕಪ್ಪು ಗಂಡಸರಿಗೆ ಹಕ್ಕು ಮರಳಿದ್ದು 1870ರಲ್ಲಿ, ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿಯಿಂದ. ನ್ಯೂಜೆರ್ಸಿಯ ಹೆಂಗಸರಂತೂ 1807ರಿಂದ 1920ರವರೆಗೆ, 113 ವರ್ಷ ಕಾದರು.