ಒಂದು ಬೈಟ್‌ಗೆ 4096 ಬೈಟ್ ಜಾಗ

ಲಿನಕ್ಸ್‌ನಲ್ಲಿ ಒಂದೇ ಒಂದು ಬೈಟ್‌ನ ಫೈಲ್ ಮಾಡಿ ನೋಡಿ. ಎಲ್‌ಎಸ್ ಕಮಾಂಡ್ ಅದರ ಗಾತ್ರ 1 ಬೈಟ್ ಎನ್ನುತ್ತದೆ. ಡಿಯು ಕಮಾಂಡ್ 4 ಕೆಬಿ ಎನ್ನುತ್ತದೆ. ಎರಡೂ ನಿಜವೇ. ಮೊದಲನೆಯದು ಒಳಗೆ ಎಷ್ಟಿದೆ ಎಂದು ಹೇಳುತ್ತದೆ, ಎರಡನೆಯದು ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿದಿದೆ ಎಂದು.

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಗೆ ಫೈಲ್‌ಸಿಸ್ಟಮ್ ಎನ್ನುತ್ತಾರೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಡಿಸ್ಕನ್ನು ಸಮ ಗಾತ್ರದ ಬ್ಲಾಕ್‌ಗಳಾಗಿ ಕತ್ತರಿಸಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ಬ್ಲಾಕ್ ಅಂದ್ರೆ 4096 ಬೈಟ್. ಫೈಲ್‌ಗೆ ಜಾಗ ಸಿಗುವುದು ಇಡೀ ಬ್ಲಾಕ್ ಲೆಕ್ಕದಲ್ಲೇ. 4097 ಬೈಟ್ ಇದ್ದರೆ ಎರಡು ಬ್ಲಾಕ್ ಬೇಕು.

ಇಷ್ಟೊಂದು ಜಾಗ ಸುಮ್ನೆ ಹಾಳಲ್ವಾ? ಬೈಟ್ ಲೆಕ್ಕದಲ್ಲೇ ಹಂಚಬಹುದಿತ್ತಲ್ಲ? ಇಲ್ಲೇ ನನಗೆ ತುಂಬಾ ಇಷ್ಟವಾದ ಲೆಕ್ಕ ಬರುತ್ತದೆ. ಯಾವುದು ಖಾಲಿ, ಯಾವುದು ಭರ್ತಿ ಎಂದು ನೆನಪಿಡಲು ಇಎಕ್ಸ್‌ಟಿ4 ಒಂದು ಬಿಟ್‌ಮ್ಯಾಪ್ ಇಟ್ಟುಕೊಳ್ಳುತ್ತದೆ. ಬ್ಲಾಕ್‌ಗೆ ಒಂದು ಬಿಟ್: ಖಾಲಿಯಾದರೆ 0, ಭರ್ತಿಯಾದರೆ 1. ಎಂಟು ಬಿಟ್ ಸೇರಿದರೆ ಒಂದು ಬೈಟ್. ಪ್ರತಿ ಬೈಟ್‌ಗೂ ಹೀಗೆ ಒಂದು ಬಿಟ್ ಇಟ್ಟಿದ್ದರೆ, ಡಿಸ್ಕ್‌ನ ಎಂಟನೇ ಒಂದು ಭಾಗ ಬರೀ ಲೆಕ್ಕ ಬರೆಯೋದಕ್ಕೇ ಹೋಗುತ್ತಿತ್ತು. 4096 ಬೈಟ್‌ನ ಬ್ಲಾಕ್ ಇದ್ದರೆ ಅದು 32768ನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಬಿಟ್‌ಮ್ಯಾಪ್ ಕೂಡ ಒಂದೇ ಬ್ಲಾಕ್‌ನಲ್ಲಿ ಹಿಡಿಯಬೇಕು. 4096 ಬೈಟ್‌ನಲ್ಲಿ 32768 ಬಿಟ್ ಇವೆ. ಹಾಗಾಗಿ ಒಂದು ಬಿಟ್‌ಮ್ಯಾಪ್ 32768 ಬ್ಲಾಕ್‌ಗಳನ್ನು, ಅಂದರೆ 128 ಎಂಬಿ ಜಾಗವನ್ನು ನೋಡಿಕೊಳ್ಳುತ್ತದೆ. ಇದಕ್ಕೆ ಬ್ಲಾಕ್ ಗ್ರೂಪ್ ಎಂದು ಹೆಸರು. 128 ಎನ್ನುವುದನ್ನು ಯಾರೋ ಕೂತು ಆರಿಸಿದ್ದಲ್ಲ, ಬ್ಲಾಕ್ ಗಾತ್ರದಿಂದ ತಾನಾಗಿಯೇ ಬಂದದ್ದು. ಒಂದು ಫೈಲ್‌ನ ಬ್ಲಾಕ್‌ಗಳನ್ನು ಆದಷ್ಟು ಒಂದೇ ಗ್ರೂಪಿನಲ್ಲಿ ಇಡಲು ಲಿನಕ್ಸ್ ನೋಡುತ್ತದೆ. ತಿರುಗುವ ಡಿಸ್ಕ್‌ನಲ್ಲಿ ಓದುವ ಹೆಡ್ ಓಡಾಡುವುದು ಕಡಿಮೆಯಾಗುತ್ತದೆ.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಪ್ರತಿ ಫೈಲ್‌ಗೂ ಒಂದು ಐನೋಡ್ ಬೇಕು. ಫೈಲ್ ಯಾರದು, ಅದರ ಬ್ಲಾಕ್‌ಗಳು ಎಲ್ಲಿವೆ ಎಂಬ ವಿವರ ಇರುವುದು ಅಲ್ಲೇ. ಇಎಕ್ಸ್‌ಟಿ4 ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗಲೇ ಐನೋಡ್‌ಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ಸಾಮಾನ್ಯವಾಗಿ 16384 ಬೈಟ್‌ಗೆ ಒಂದು. ಡಿಸ್ಕ್ ತುಂಬಾ ಒಂದೊಂದು ಬ್ಲಾಕ್‌ನ ಪುಟ್ಟ ಫೈಲ್‌ಗಳನ್ನೇ ತುಂಬುತ್ತಾ ಹೋದರೆ, ಕಾಲು ಭಾಗ ತುಂಬುವಷ್ಟರಲ್ಲಿ ಐನೋಡ್ ಮುಗಿದುಹೋಗುತ್ತವೆ. ಮುಕ್ಕಾಲು ಡಿಸ್ಕ್ ಖಾಲಿ ಇದ್ದರೂ 'ಜಾಗವಿಲ್ಲ' ಎಂಬ ಸಂದೇಶ ಬರುತ್ತದೆ. ಇಂಥ ಹೊತ್ತಲ್ಲಿ ಡಿಎಫ್ ಕಮಾಂಡ್ ಜೊತೆ ಐ ಆಯ್ಕೆ (df -i) ಕೊಟ್ಟು ನೋಡಿ, ಎಷ್ಟು ಐನೋಡ್ ಉಳಿದಿವೆ ಎಂಬ ಗುಟ್ಟು ಬಯಲಾಗುತ್ತದೆ.

ಲಿನಕ್ಸ್‌ನಲ್ಲಿ ಬೇರೆ ಫೈಲ್‌ಸಿಸ್ಟಮ್‌ಗಳೂ ಇವೆ. ಅವುಗಳಲ್ಲಿ ಒಂದಾದ ಎಕ್ಸ್‌ಎಫ್‌ಎಸ್‌ನಲ್ಲಿ ಈ ತೊಂದರೆ ಕಡಿಮೆ, ಅದು ಐನೋಡ್‌ಗಳನ್ನು ಬೇಕಾದಾಗ ಮಾಡಿಕೊಳ್ಳುತ್ತದೆ. ಇನ್ನೊಂದಾದ ಬಿಟಿಆರ್‌ಎಫ್‌ಎಸ್ ಇನ್ನೂ ಒಂದು ಹೆಜ್ಜೆ ಮುಂದೆ. ಪುಟ್ಟ ಫೈಲ್‌ನ ಒಳಗಿರುವುದನ್ನು ಅದರ ವಿವರದ ಪಕ್ಕದಲ್ಲೇ ಬರೆದಿಡುತ್ತದೆ. ನಮ್ಮ ಒಂದು ಬೈಟ್‌ನ ಫೈಲ್‌ಗೆ ಅಲ್ಲಿ ಬೇರೆ ಬ್ಲಾಕೇ ಬೇಕಿಲ್ಲ.